72 ಅಥವಾ 144: ಹಾಡುಗಳಿಗೆ ಬಿಪಿಎಂ ಹಾಕುತ್ತಾ ಕಳೆದ ಮೂರು ವಾರ

ಓಡುವಾಗ ಕಿವಿಯಲ್ಲಿ ಹಾಡಿದ್ದರೆ ಕಾಲು ತಾನಾಗಿ ಅದರ ಹಿಂದೆ ಹೋಗುತ್ತದೆ. ಹಾಡು ನಿಧಾನವಾದರೆ ನಾನೂ ನಿಧಾನ. ಹೀಗಾಗಿ ನನ್ನ ಹೆಜ್ಜೆಗೆ ಹೊಂದುವ ಹಾಡುಗಳನ್ನಷ್ಟೇ ಆರಿಸಿ ಒಂದು ಪ್ಲೇಲಿಸ್ಟ್ ಮಾಡಬೇಕು ಅನ್ನಿಸಿತು. ಹೆಜ್ಜೆ ಎಣಿಸಿ ನೋಡಿದೆ. ನಿಮಿಷಕ್ಕೆ ಸುಮಾರು 164. ಅಂದರೆ ನಿಮಿಷಕ್ಕೆ 164 ಬಡಿತ ಇರುವ ಹಾಡು ಬೇಕು. ಲ್ಯಾಪ್‌ಟಾಪಿನಲ್ಲಿ ಪ್ಲೇಯರ್ ತೆರೆದು ಬಿಪಿಎಂ ಅನ್ನುವ ಕಾಲಮ್ ಹಾಕಿದೆ. ಮೇಲಿಂದ ಕೆಳಗಿನವರೆಗೆ ಖಾಲಿ.

ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು. ದುಡ್ಡೇನೂ ಖರ್ಚಾಗಲಿಲ್ಲ, ಬಳಸಿದ್ದೆಲ್ಲ ಮುಕ್ತ ತಂತ್ರಾಂಶ. ಹೋಗಿದ್ದು ಸಮಯ ಮತ್ತು ನಿದ್ದೆ. ಅದರಲ್ಲಿ ಅರ್ಧ ಹೋಗಿದ್ದು ನನ್ನ ಅವಸರದಿಂದಲೇ. ಮೊನ್ನೆಯಷ್ಟೇ ಮುಗಿಸಿದ್ದೇನೆ. ಮರೆಯುವ ಮೊದಲು ಬರೆದಿಡುತ್ತೇನೆ, ಇದೇ ಹುಚ್ಚು ಹಿಡಿದ ಇನ್ನೊಬ್ಬರಿಗೆ ಉಪಯೋಗವಾಗಬಹುದು.

ಬಿಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಬಡಿತ ಅನ್ನುವ ಲೆಕ್ಕ. ಗಡಿಯಾರದ ಸೆಕೆಂಡ್ ಮುಳ್ಳಿನ ಟಿಕ್ ಟಿಕ್ 60. ಅದರ ಎರಡು ಪಟ್ಟು ವೇಗದಲ್ಲಿ ಚಪ್ಪಾಳೆ ತಟ್ಟಿದರೆ 120. ಇಷ್ಟು ಗೊತ್ತಿದ್ದರೆ ಶುರು ಮಾಡಲು ಸಾಕು.

ನನ್ನ ಸಂಗ್ರಹದಲ್ಲಿ 6,418 ಫೈಲುಗಳಿವೆ. ಸಿಡಿ ಕಾಲದಿಂದ ಕೂಡಿಟ್ಟಿದ್ದು. ಜಾಸ್ತಿ ಎಂಪಿ3, ಸುಮಾರು 1,100 ಫ್ಲ್ಯಾಕ್, 430ರಷ್ಟು ಎಂ4ಎ. ಈ ವಿವರ ಯಾಕೆ ಅಂದರೆ, ಒಂದೊಂದು ಬಗೆಯ ಫೈಲೂ ಬಿಪಿಎಂ ಅನ್ನು ಒಂದೊಂದು ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಹಾಡಿನ ಹೆಸರು, ಗಾಯಕರು ಇಂಥ ವಿವರ ಫೈಲಿನೊಳಗೇ ಕೂರುವ ಜಾಗಕ್ಕೆ ಟ್ಯಾಗ್ ಅನ್ನುತ್ತಾರೆ. ಎಂಪಿ3ಯಲ್ಲಿ ಬಳಸುವ ಐಡಿ3 ಅನ್ನುವ ಬಗೆಯ ಟ್ಯಾಗಿನಲ್ಲಿ ಬಿಪಿಎಂನ ಹೆಸರು ಟಿಬಿಪಿಎಂ. ಫ್ಲ್ಯಾಕ್‌ನಲ್ಲಿ ಸುಮ್ನೆ ಬಿಪಿಎಂ. ಎಂ4ಎಯಲ್ಲಿ ಟಿಎಂಪಿಒ. ನಾವು ಇದನ್ನು ನೆನಪಿಡಬೇಕಿಲ್ಲ. ಆದರೆ ನಾವು ಆರಿಸುವ ತಂತ್ರಾಂಶಕ್ಕೆ ಮೂರೂ ಗೊತ್ತಿರಬೇಕು. ಇದು ನನಗೆ ತಡವಾಗಿ ತಿಳಿಯಿತು.

ಮೊದಲ ದಿನ ಕೈಯಲ್ಲೇ ಎಣಿಸಲು ಕೂತೆ. ಸಂಗೀತ ಸಂಗ್ರಹವನ್ನು ಜೋಡಿಸಿಡುವ ಬೀಟ್ಸ್ ಅನ್ನುವ ತಂತ್ರಾಂಶ ನನ್ನಲ್ಲಿ ಮೊದಲೇ ಇತ್ತು. ಅದಕ್ಕೊಂದು ಬಿಪಿಎಂ ಪ್ಲಗಿನ್, ಅಂದರೆ ಜೋಡಿಸಿಕೊಳ್ಳುವ ಪುಟ್ಟ ಸೇರ್ಪಡೆ, ಇದೆ. ಹಾಡು ಕೇಳುತ್ತಾ ಬಡಿತಕ್ಕೆ ಸರಿಯಾಗಿ ಎಂಟರ್ ಕೀಲಿ ಒತ್ತುತ್ತಾ ಹೋದರೆ ಸಂಖ್ಯೆ ಲೆಕ್ಕ ಹಾಕಿ ಬರೆದುಕೊಳ್ಳುತ್ತದೆ. ಮಜವಾಗಿತ್ತು. ಒಂದು ಗಂಟೆಗೆ 25 ಹಾಡು ಆಯಿತು. ಆಮೇಲೆ ಭಾಗಾಕಾರ ಮಾಡಿದೆ. ಉಳಿದದ್ದಕ್ಕೆ 250 ಗಂಟೆಗೂ ಜಾಸ್ತಿ ಬೇಕು. ಅಲ್ಲಿಗೆ ಆ ದಾರಿ ಮುಗಿಯಿತು. ಆದರೆ ಆ 25 ಹಾಡುಗಳ ಸಂಖ್ಯೆ ಮುಂದೆ ತುಂಬಾ ಕೆಲಸಕ್ಕೆ ಬಂತು. ನೀವೂ ಮೊದಲು ಒಂದಿಪ್ಪತ್ತು ಹಾಡನ್ನು ಕೈಯಲ್ಲೇ ಎಣಿಸಿ ಬರೆದಿಡಿ. ತಂತ್ರಾಂಶ ಹೇಳಿದ್ದು ಸರಿಯೋ ತಪ್ಪೋ ನೋಡಲು ಅದೇ ತಕ್ಕಡಿ. ತಂತ್ರಾಂಶ ಇಲ್ಲದೆ ಎಣಿಸುವುದಾದರೆ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತ ತಪ್ಪಿದರೂ ಉತ್ತರ ನಾಲ್ಕು ಆಚೀಚೆ ಆಗುತ್ತದೆ.

ಯಾರಾದರೂ ಈಗಾಗಲೇ ಲೆಕ್ಕ ಹಾಕಿಟ್ಟಿರಬೇಕಲ್ವಾ ಅಂತ ಹುಡುಕಿದ್ದು ಎರಡನೇ ಸಂಜೆ. ಹಳೆಯ ಸೂಚನೆಗಳೆಲ್ಲ ಹಾಡುಗಳ ಇಂಥ ಲೆಕ್ಕವನ್ನು ಕೂಡಿಡುತ್ತಿದ್ದ ಅಕೌಸ್ಟಿಕ್‌ಬ್ರೈನ್ಜ್ ಅನ್ನುವ ತಾಣದ ಕಡೆ ಕೈ ತೋರಿಸುತ್ತವೆ. ಅದು 2022ರಲ್ಲೇ ಹೊಸ ಮಾಹಿತಿ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದೆ. ಆ ಹೆಸರು ಇರುವ ಸೂಚನೆ ಸಿಕ್ಕರೆ ಮುಂದೆ ಓದಬೇಡಿ, ಒಂದು ಸಂಜೆ ಉಳಿಯುತ್ತದೆ.

ಮೂರನೇ ದಿನ ಇಡೀ ಸಂಗ್ರಹವನ್ನು ಬೇರೆ ಡಿಸ್ಕಿಗೆ ನಕಲು ಮಾಡಿದೆ. ಈ ಇಡೀ ಕಥೆಯಲ್ಲಿ ನಾನು ಮಾಡಿದ ಒಂದೇ ಒಂದು ಜಾಣತನದ ಕೆಲಸ ಅದು. ಆಮೇಲೆ ನನಗೆ ಚೆನ್ನಾಗಿ ಗೊತ್ತಿರುವ 50 ಹಾಡುಗಳನ್ನು ಬೇರೊಂದು ಫೋಲ್ಡರಿಗೆ ಹಾಕಿಕೊಂಡು ಪ್ರಯೋಗ ಶುರು ಮಾಡಿದೆ.

ಮೊದಲು ಹಿಡಿದದ್ದು ಬಿಪಿಎಂ-ಟೂಲ್ಸ್. ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ಓಡುವ ಪುಟ್ಟ ಉಪಕರಣ. ಫೈಲ್ ಕೊಟ್ಟರೆ ಕ್ಷಣದಲ್ಲಿ ಸಂಖ್ಯೆ ಹೇಳುತ್ತದೆ. ಟ್ಯಾಗಿಗೆ ಬರೆಯದೆ ಬರೀ ಸಂಖ್ಯೆ ತೋರಿಸು ಅನ್ನುವ ಆಯ್ಕೆಯೂ ಇದೆ. ಮೊದಲು ಅದನ್ನೇ ಬಳಸಿ. 50 ಹಾಡಿನ ಸಂಖ್ಯೆ ನೋಡಿ ಖುಷಿಯಾಯಿತು. ಆಮೇಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಒಂದು ಹಾಡೂ 84ಕ್ಕಿಂತ ಕೆಳಗಿಲ್ಲ, 146ಕ್ಕಿಂತ ಮೇಲಿಲ್ಲ. ನನ್ನ ಸಂಗ್ರಹದಲ್ಲಿ ತೊಟ್ಟಿಲು ತೂಗುವಷ್ಟು ನಿಧಾನದ ಹಾಡುಗಳಿವೆ. ಅವು ಎಲ್ಲಿ ಹೋದವು?

ಕೈಪಿಡಿ ಓದಿದ ಮೇಲೆ ಗೊತ್ತಾಯಿತು. ನಾವು ಬೇರೆ ಹೇಳದಿದ್ದರೆ ಅದು ಹುಡುಕುವುದೇ 84ರಿಂದ 146ರ ಒಳಗೆ. ನಿಜವಾಗಿ 70 ಇರುವ ಹಾಡು ಅಲ್ಲಿ 140 ಆಗುತ್ತದೆ. 164ರ ಹಾಡು 82 ಆಗಬೇಕು, ಅದೂ ಗಡಿಯ ಹೊರಗೆ, ಹಾಗಾಗಿ ಇನ್ನೇನೋ ಒಂದು ಸಂಖ್ಯೆ ಬರುತ್ತದೆ. ಗಡಿಯನ್ನು ಬದಲಿಸಬಹುದು. ಆದರೆ ಎಷ್ಟಕ್ಕೆ? ಆ ಪ್ರಶ್ನೆಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು ತಂತ್ರಾಂಶದ ಪೆದ್ದುತನ ಅಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಉಪಕರಣಗಳು ಹಾಡಿನಲ್ಲಿ ಸದ್ದು ಥಟ್ಟನೆ ಏರುವ ಜಾಗಗಳನ್ನು ಹುಡುಕುತ್ತವೆ. ಆಮೇಲೆ ಆ ಏರಿಕೆ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಅಂತ ನೋಡುತ್ತವೆ. ಅರ್ಧ ಸೆಕೆಂಡಿಗೊಮ್ಮೆ ಮರುಕಳಿಸಿದರೆ 120. ಆದರೆ ಅರ್ಧ ಸೆಕೆಂಡಿಗೊಮ್ಮೆ ಬರುವುದು ಒಂದು ಸೆಕೆಂಡಿಗೊಮ್ಮೆಯೂ ಬಂದೇ ಬರುತ್ತದೆ. ಹಾಗಾಗಿ 60 ಅಂದರೂ ಲೆಕ್ಕ ಸರಿ. ಎರಡರಲ್ಲಿ ಯಾವುದು ಅಂತ ತೀರ್ಮಾನಿಸಲು ತಂತ್ರಾಂಶ ಏನೋ ಒಂದು ಊಹೆ ಇಟ್ಟುಕೊಳ್ಳಲೇಬೇಕು. ಕೆಲವು ಗಡಿ ಹಾಕಿಕೊಳ್ಳುತ್ತವೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಂಗೀತ ವಿಶ್ಲೇಷಣೆಗೆ ಬಳಸುವ ಲಿಬ್ರೋಸಾದಂಥವು 120ರ ಆಸುಪಾಸನ್ನು ಇಷ್ಟಪಡುತ್ತವೆ.

ನಾಲ್ಕನೇ ದಿನ ಅವಸರ ಮಾಡಿದೆ. ಒಂದು ಫೋಲ್ಡರಿಗೆ ನಿಜವಾಗಿ ಟ್ಯಾಗ್ ಬರೆಸೋಣ ಅಂತ ಹೋದೆ. ಎಂ4ಎ ಫೈಲುಗಳನ್ನು ಬಿಪಿಎಂ-ಟೂಲ್ಸ್ ಮುಟ್ಟಲೇ ಇಲ್ಲ. ಎಂಪಿ3ಗಳಲ್ಲಿ ಸಂಖ್ಯೆ ಬಂತು. ಆದರೆ ಪ್ಲೇಯರ್ ತೆರೆದರೆ ಒಂದಷ್ಟು ಹಾಡುಗಳ ಕನ್ನಡ ಹೆಸರಿನ ಜಾಗದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಎದೆ ಧಸಕ್ ಅಂತು. ಒಂದೊಂದಕ್ಕೂ ಕೂತು ಟೈಪ್ ಮಾಡಿದ್ದ ಹೆಸರುಗಳು ಅವು.

ಕಾರಣ ಹುಡುಕಲು ಒಂದು ರಾತ್ರಿ ಹೋಯಿತು. ಐಡಿ3 ಟ್ಯಾಗಿನಲ್ಲಿ 2.3 ಮತ್ತು 2.4 ಅಂತ ಎರಡು ಆವೃತ್ತಿ ಈಗಲೂ ಬಳಕೆಯಲ್ಲಿವೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡಲು ಯುಟಿಎಫ್-8, ಯುಟಿಎಫ್-16 ಅಂತ ಬೇರೆ ಬೇರೆ ವಿಧಾನಗಳಿವೆ. ಕನ್ನಡದಂಥ ಲಿಪಿಯನ್ನು 2.3ರಲ್ಲಿ ಯುಟಿಎಫ್-16 ಆಗಿ ಬರೆಯಬೇಕು. ಯುಟಿಎಫ್-8ಕ್ಕೆ ಜಾಗ ಸಿಕ್ಕಿದ್ದು 2.4ರಲ್ಲಿ. ನನ್ನ ಫೈಲುಗಳು 2.4ರವು. ನಾನು ಟ್ಯಾಗ್ ಬರೆಯಲು ಬಿಟ್ಟದ್ದು 2.3 ಮಾತ್ರ ಗೊತ್ತಿರುವ ಹಳೆಯ ಸಹಾಯಕ ಉಪಕರಣವನ್ನು. ನಕಲು ಇದ್ದದ್ದರಿಂದ ಬಚಾವಾದೆ, ಫೋಲ್ಡರನ್ನೇ ಅಳಿಸಿ ಹಳೆಯದನ್ನು ತಂದು ಹಾಕಿದೆ. ನಿಮ್ಮ ಟ್ಯಾಗುಗಳು ಯಾವ ಆವೃತ್ತಿಯವು ಅಂತ ಕಿಡ್3 ಅನ್ನುವ ಟ್ಯಾಗ್ ಎಡಿಟರ್‌ನಲ್ಲಿ ನೋಡಬಹುದು. ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲೇ ಇದ್ದರೆ ಈ ತೊಂದರೆ ನಿಮ್ಮ ಕಣ್ಣಿಗೇ ಬೀಳದಿರಬಹುದು. ಕನ್ನಡದಲ್ಲಿ ಇಟ್ಟವರು ಮಾತ್ರ ಒಂದು ಫೈಲಿನಲ್ಲಿ ಬರೆಸಿ, ಪ್ಲೇಯರಿನಲ್ಲಿ ನೋಡಿ, ಆಮೇಲೆ ಮುಂದೆ ಹೋಗಿ.

ಕೊನೆಗೆ ನೆಲೆ ನಿಂತದ್ದು ಮಿಕ್ಸ್‌ನಲ್ಲಿ. ಹುಡುಕುವಾಗ ಹೆಸರಿನ ಕೊನೆಗೆ ಮೂರು ಎಕ್ಸ್ ಹಾಕಬೇಕು. ಇದು ಡಿಜೆಗಳಿಗೆ ಅಂತ ಮಾಡಿದ ಮುಕ್ತ ತಂತ್ರಾಂಶ. ಎರಡು ತಿರುಗುವ ತಟ್ಟೆ, ಹತ್ತಾರು ಗುಂಡಿಗಳನ್ನು ನೋಡಿ ಹೆದರಬೇಡಿ. ನಮಗೆ ಬೇಕಾದದ್ದು ಎಡಗಡೆ ಇರುವ ವಿಶ್ಲೇಷಣೆ ಅನ್ನುವ ಒಂದು ಭಾಗ ಮಾತ್ರ. ಹಾಡಿನ ಫೋಲ್ಡರ್ ತೋರಿಸಬೇಕು, ಅದು ಎಲ್ಲವನ್ನೂ ಓದಿಕೊಳ್ಳುತ್ತದೆ, ಎಲ್ಲ ಆರಿಸಿ ಶುರು ಒತ್ತಬೇಕು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಬೆಳೆದ ಬಡಿತ ಪತ್ತೆ ವಿಧಾನ ಅದರೊಳಗಿದೆ. ನನ್ನ 25 ಹಾಡುಗಳಲ್ಲಿ 19ಕ್ಕೆ ನಾನು ಎಣಿಸಿದ ಸಂಖ್ಯೆಯೇ ಬಂತು.

ರಾತ್ರಿ ಹತ್ತಕ್ಕೆ ಶುರು ಮಾಡಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ 300 ಹಾಡು ಮಾತ್ರ ಆಗಿತ್ತು. ಅರ್ಧ ಗಂಟೆಗೆ ಲ್ಯಾಪ್‌ಟಾಪೂ ಮಲಗಿಬಿಟ್ಟಿತ್ತು. ಪವರ್ ಸೆಟ್ಟಿಂಗ್ ಬದಲಿಸಿ. ಮುಗಿದ ಹಾಡುಗಳ ಲೆಕ್ಕ ಉಳಿದಿರುತ್ತದೆ, ಮೊದಲಿಂದ ಶುರು ಮಾಡಬೇಕಿಲ್ಲ. ಇನ್ನೊಂದು ಮಾತು. ಮಿಕ್ಸ್ ಬಿಪಿಎಂ ಜೊತೆಗೆ ಶ್ರುತಿಯನ್ನೂ ಹುಡುಕುತ್ತದೆ, ಪ್ರತಿ ಹಾಡಿನ ಅಲೆಯ ಚಿತ್ರವನ್ನೂ ಮಾಡಿಡುತ್ತದೆ. ನಮಗೆ ಎರಡೂ ಬೇಡ. ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದರೆ ಸಮಯವೂ ಉಳಿಯುತ್ತದೆ, ಡಿಸ್ಕೂ ಉಳಿಯುತ್ತದೆ.

ಅಲ್ಲೇ ಪಕ್ಕದಲ್ಲಿ ವೇಗದ ವಿಶ್ಲೇಷಣೆ ಅನ್ನುವ ಆಯ್ಕೆ ಕಂಡಿತು. ಒಂದು ರಾತ್ರಿ ಹಾಳಾದ ಸಿಟ್ಟಿನಲ್ಲಿ ಅದಕ್ಕೆ ಟಿಕ್ ಹಾಕಿದೆ. ಎಷ್ಟು ಬೇಗ ಮುಗೀತು ಅಂತೀರಿ! ಸಂಜೆಯೊಳಗೆ ಇಡೀ ಸಂಗ್ರಹ. ಆದರೆ ನಿಧಾನವಾಗಿ ಶುರುವಾಗಿ ಆಮೇಲೆ ಜೋರು ಹಿಡಿಯುವ ಹಾಡುಗಳೆಲ್ಲ ತಪ್ಪು. ಆ ಆಯ್ಕೆ ಹಾಕಿದರೆ ಮೊದಲ ಒಂದು ನಿಮಿಷ ಮಾತ್ರ ಕೇಳಿ ತೀರ್ಮಾನ ಕೊಡುತ್ತದೆ. ಟಿಕ್ ತೆಗೆದು ಮತ್ತೆ ಓಡಿಸಿದೆ. ಒಂದೇ ನಿಮಿಷದಲ್ಲಿ ಮುಗಿಯಿತು, ಒಂದು ಸಂಖ್ಯೆಯೂ ಬದಲಾಗಲಿಲ್ಲ. ಸೆಟ್ಟಿಂಗ್ ಬದಲಾದಾಗ ಮರುವಿಶ್ಲೇಷಣೆ ಮಾಡು ಅನ್ನುವುದಕ್ಕೆ ಬೇರೆಯೇ ಒಂದು ಟಿಕ್ ಬೇಕು. ಅದಿಲ್ಲದಿದ್ದರೆ ಇದಾಗಲೇ ಆಗಿದೆ ಅಂತ ದಾಟಿಕೊಂಡು ಹೋಗುತ್ತದೆ. ಅದನ್ನೂ ಹಾಕಿ, ಎರಡು ರಾತ್ರಿ ಸೇರಿ ಸುಮಾರು 14 ಗಂಟೆ ಓಡಿಸಿದ ಮೇಲೆ ಮೊದಲ ಹಂತ ಮುಗಿಯಿತು. ಫ್ಯಾನಿನ ಸದ್ದು ಈಗಲೂ ಕನಸಿನಲ್ಲಿ ಬರುತ್ತದೆ.

ಇನ್ನು ನಿಜವಾದ ಕೆಲಸ. ಪಟ್ಟಿಯನ್ನು ಬಿಪಿಎಂ ಪ್ರಕಾರ ಜೋಡಿಸಿ ಎರಡು ತುದಿ ನೋಡಿದೆ. ತಪ್ಪುಗಳು ಸಾಮಾನ್ಯವಾಗಿ ತುದಿಯಲ್ಲೇ ಗುಂಪುಗೂಡಿರುತ್ತವೆ. 70ಕ್ಕಿಂತ ಕೆಳಗೆ ಒಂದಷ್ಟು, 170ಕ್ಕಿಂತ ಮೇಲೆ ಒಂದಷ್ಟು. ಒಂದೊಂದನ್ನೇ ಕೇಳುತ್ತಾ ಮೇಜಿನ ಮೇಲೆ ಕುಟ್ಟುತ್ತಾ ಕೂತೆ. ಮಿಕ್ಸ್‌ನಲ್ಲಿ ಹಾಡಿನ ಮೇಲೆ ಬಲಗಡೆ ಕ್ಲಿಕ್ ಮಾಡಿದರೆ ಬಿಪಿಎಂ ದುಪ್ಪಟ್ಟು ಮಾಡು, ಅರ್ಧ ಮಾಡು, ಮೂರನೇ ಎರಡು ಮಾಡು ಅನ್ನುವ ಆಯ್ಕೆಗಳಿವೆ. ತಿದ್ದಿದ ಮೇಲೆ ಬೀಗ ಹಾಕುವ ಆಯ್ಕೆಯೂ ಇದೆ. ಬೀಗ ಹಾಕದಿದ್ದರೆ ಮುಂದಿನ ಮರುವಿಶ್ಲೇಷಣೆಯಲ್ಲಿ ನಿಮ್ಮ ತಿದ್ದುಪಡಿ ಅಳಿಸಿಹೋಗಬಹುದು.

ಒಂದು ಸಂಜೆ ಹೀಗೆ ಕುಟ್ಟುತ್ತಿದ್ದಾಗ ತಂಗಿ ಬಂದು ನಿಂತಳು.

"ಅಣ್ಣಾ, ಯಾಕೆ ಅಷ್ಟು ಅವಸರದಲ್ಲಿ ಕುಟ್ತಿದ್ದೀಯಾ?"

"ಹಾಡೇ ಹಾಗಿದೆ ಕಣೆ. 144."

"ಇಲ್ಲಪ್ಪ, ಆರಾಮಾಗಿ ಹೋಗ್ತಿದೆ. ನೋಡು," ಅಂತ ನಾನು ಕುಟ್ಟಿದ ಒಂದು ಬಿಟ್ಟು ಒಂದಕ್ಕೆ ಚಪ್ಪಾಳೆ ತಟ್ಟಿದಳು. 72.

ಹತ್ತು ನಿಮಿಷ ವಾದ ಮಾಡಿದೆವು. ಇಬ್ಬರ ಚಪ್ಪಾಳೆಯೂ ಹಾಡಿಗೆ ಕೂರುತ್ತಿತ್ತು. ಅಲ್ಲಿಯವರೆಗೆ ಪ್ರತಿ ಹಾಡಿಗೂ ಒಂದು ಸರಿ ಉತ್ತರ ಇದೆ, ಅದನ್ನು ಕಂಡುಹಿಡಿಯುವುದೇ ಕೆಲಸ ಅಂದುಕೊಂಡಿದ್ದೆ. ನಿಮಿಷಕ್ಕೆ ಎಷ್ಟು ಸದ್ದು ಬಿತ್ತು ಅನ್ನುವುದನ್ನು ಯಂತ್ರ ಎಣಿಸಬಹುದು. ಅದರಲ್ಲಿ ಯಾವುದನ್ನು ಬಡಿತ ಅನ್ನಬೇಕು ಅನ್ನುವುದು ಕೇಳುವವರ ಕಿವಿಗೆ, ಕೇಳುವ ಕಾರಣಕ್ಕೆ ಬಿಟ್ಟದ್ದು. ಲಯ ಪತ್ತೆಯ ಸಂಶೋಧಕರೂ ತಂತ್ರಾಂಶಗಳಿಗೆ ಅಂಕ ಕೊಡುವಾಗ ಎರಡು ಬಗೆಯ ಲೆಕ್ಕ ಇಟ್ಟುಕೊಳ್ಳುತ್ತಾರಂತೆ. ಒಂದರಲ್ಲಿ ಸಂಖ್ಯೆ ಸರಿಯಾಗಿಯೇ ಇರಬೇಕು. ಇನ್ನೊಂದರಲ್ಲಿ ದುಪ್ಪಟ್ಟೋ ಅರ್ಧವೋ ಆದರೂ ಪಾಸು.

ಅವತ್ತಿನಿಂದ ನನಗೇ ಒಂದು ನಿಯಮ ಮಾಡಿಕೊಂಡೆ. ಡ್ರಮ್ ಇರುವ ಹಾಡಾದರೆ ದಪ್ಪ ಸದ್ದು ಮತ್ತು ಚಟ್ ಅನ್ನುವ ಸದ್ದು ಒಂದಾದ ಮೇಲೊಂದು ಬರುತ್ತವಲ್ಲ, ಧಮ್-ಚಟ್-ಧಮ್-ಚಟ್, ಅವುಗಳಲ್ಲಿ ಪ್ರತಿಯೊಂದನ್ನೂ ಒಂದೊಂದು ಬಡಿತ ಅಂತ ಎಣಿಸುವುದು. ಡ್ರಮ್ ಇಲ್ಲದಿದ್ದರೆ ತಲೆ ತಾನಾಗಿ ಎಷ್ಟು ವೇಗದಲ್ಲಿ ಆಡುತ್ತದೋ ಅದು. ಅದಕ್ಕೂ ಸಿಗದ ಹಾಡುಗಳಿಗೆ ತಂಗಿಯ ಮಾತೇ ಕೊನೆ. ನಿಯಮ ಯಾವುದಾದರೂ ಇರಲಿ, ಎಲ್ಲ ಹಾಡಿಗೂ ಒಂದೇ ಇರಲಿ.

ಇನ್ನೂ ಕೆಲವು ಬಗೆಯ ತಪ್ಪುಗಳು ಸಿಕ್ಕವು. ಮೂರು ಮೂರರ ಗುಂಪಿನಲ್ಲಿ ನಡೆಯುವ ಹಾಡುಗಳಲ್ಲಿ ಸಂಖ್ಯೆ ಒಂದೂವರೆ ಪಟ್ಟೋ ಮೂರನೇ ಎರಡೋ ಆಗಿರುತ್ತದೆ. ಇವು ತುದಿಯಲ್ಲಿ ಇರುವುದಿಲ್ಲ, ನಡುವೆ ಸಭ್ಯರಂತೆ ಕೂತಿರುತ್ತವೆ, ಹಿಡಿಯುವುದು ಕಷ್ಟ. ವೇದಿಕೆಯ ಮೇಲಿನ ರೆಕಾರ್ಡಿಂಗ್‌ಗಳಲ್ಲಿ ಬಡಿತ ಒಂದೇ ಸಮ ಇರುವುದಿಲ್ಲ, ಅಲ್ಲಿ ಸಿಗುವುದು ಸರಾಸರಿ ಅಷ್ಟೇ. ಮಿಕ್ಸ್ ಸಾಮಾನ್ಯವಾಗಿ ವೇಗ ಒಂದೇ ಸಮ ಇದೆ ಅಂತ ಊಹಿಸುತ್ತದೆ. ಇಂಥ ಹಾಡುಗಳಿಗೆ ಆ ಊಹೆಯನ್ನು ಸೆಟ್ಟಿಂಗ್‌ನಲ್ಲಿ ತೆಗೆದು ಬೇರೆಯಾಗಿ ಓಡಿಸಿದೆ. ಆಲಾಪಕ್ಕೆ ಬಡಿತವೇ ಇಲ್ಲ, ಆದರೂ ಒಂದು ಸಂಖ್ಯೆ ಬಂದಿತ್ತು. ಅಳಿಸಿದೆ. ಹಾಡಿನ ಫೋಲ್ಡರಿನಲ್ಲಿ ಒಂದು ಭಾಷಣದ ಧ್ವನಿಮುದ್ರಣ ಸೇರಿಕೊಂಡಿತ್ತು. ಅದಕ್ಕೆ ಸಿಕ್ಕಿದ್ದು 118. ಭಾಷಣಕಾರರಿಗೆ ಗೊತ್ತಾದರೆ ಸಂತೋಷಪಟ್ಟಾರು.

ಎಲ್ಲ ಮುಗಿಸಿ ಹೆಮ್ಮೆಯಿಂದ ನನ್ನ ಪ್ಲೇಯರ್ ತೆರೆದೆ. ಬಿಪಿಎಂ ಕಾಲಮ್ ಅದೇ ಖಾಲಿ. ಒಂದು ದಿನ ತಲೆ ಕೆಡಿಸಿಕೊಂಡ ಮೇಲೆ ಅರ್ಥವಾಯಿತು. ಮಿಕ್ಸ್ ತನ್ನ ಲೆಕ್ಕವನ್ನು ತನ್ನದೇ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತದೆ. ಫೈಲಿನೊಳಗೆ ಹೋಗಬೇಕಾದರೆ ಹಾಡುಗಳನ್ನು ಆರಿಸಿ, ಬಲಗಡೆ ಕ್ಲಿಕ್ ಮಾಡಿ, ಮೆಟಾಡೇಟಾ ಅನ್ನುವಲ್ಲಿ ಫೈಲ್ ಟ್ಯಾಗಿಗೆ ಕಳಿಸು ಅನ್ನಬೇಕು. ಹುಷಾರು, ಅದು ಬಿಪಿಎಂ ಒಂದನ್ನೇ ಬರೆಯುವುದಿಲ್ಲ. ಹೆಸರು, ಗಾಯಕರು, ಪ್ರಕಾರ ಎಲ್ಲವನ್ನೂ ತನಗೆ ಗೊತ್ತಿದ್ದಂತೆ ಬರೆಯುತ್ತದೆ. ನಡುವೆ ನೀವು ಬೇರೆ ಕಡೆ ಟ್ಯಾಗ್ ತಿದ್ದಿದ್ದರೆ ಹಳೆಯದು ಅದರ ಮೇಲೆ ಬಂದು ಕೂರುತ್ತದೆ. ಹೆಸರು ತಿದ್ದುವ ಕೆಲಸವೆಲ್ಲ ಮುಗಿಸಿಕೊಂಡು ಇದಕ್ಕೆ ಬನ್ನಿ. ನಾನು ಈ ಸಲ ಐದು ಫೈಲಿನಲ್ಲಿ ನೋಡಿದೆ. ಕನ್ನಡ ಹೆಸರುಗಳು ಹಾಗೇ ಇದ್ದವು. ಆಮೇಲೆ 500ರ ಗುಂಪು ಮಾಡಿಕೊಂಡು ಬರೆಸಿದೆ.

ಮಿಕ್ಸ್‌ನಲ್ಲಿ 127.98 ಅಂತ ಕಂಡದ್ದು ಬೇರೆ ಕಡೆ 128 ಆಗಿ ಕಂಡರೆ ಗಾಬರಿ ಬೇಡ. ಐಡಿ3ಯ ನಿಯಮದ ಪ್ರಕಾರ ಅಲ್ಲಿ ಪೂರ್ಣಾಂಕವೇ ಇರಬೇಕು.

ಮಾರನೇ ದಿನ ಬ್ಯಾಕಪ್ ಓಡಿಸಿದಾಗ ಇನ್ನೊಂದು ಬಿಲ್ಲು ಬಂತು. ಪ್ರತಿ ಫೈಲೂ ಬದಲಾಗಿದೆ ಅಂತ ಇಡೀ ಸಂಗ್ರಹವನ್ನು ಮತ್ತೆ ನಕಲು ಮಾಡಲು ಶುರು ಮಾಡಿತು. ತಪ್ಪು ಅದರದ್ದಲ್ಲ, ಎರಡು ಅಂಕಿ ಸೇರಿಸಿದರೂ ಫೈಲಿನ ದಿನಾಂಕ ಬದಲಾಗುತ್ತದೆ. ಇತ್ತೀಚೆಗೆ ಬದಲಾದದ್ದು ಮೊದಲು ಅನ್ನುವ ನನ್ನ ಪಟ್ಟಿಯೂ ಕೆಟ್ಟುಹೋಯಿತು. ನಿಮಗೆ ಆ ಕ್ರಮ ಮುಖ್ಯವಾಗಿದ್ದರೆ ಮೊದಲೇ ಯೋಚಿಸಿ. ಬ್ಯಾಕಪ್ ಇಂಟರ್‌ನೆಟ್ ಮೇಲೆ ಹೋಗುವುದಾದರೆ ಇನ್ನೂ ಮೊದಲೇ ಯೋಚಿಸಿ.

ಫೋನಿನ ಪ್ಲೇಯರ್ ಬಿಪಿಎಂ ಓದುವುದೇ ಇಲ್ಲ ಅಂತ ಕೊನೆಗೆ ಗೊತ್ತಾಯಿತು. ಲ್ಯಾಪ್‌ಟಾಪಿನಲ್ಲೇ ಪಟ್ಟಿ ಮಾಡಿ ಎಂ3ಯು ಪ್ಲೇಲಿಸ್ಟ್ ಆಗಿ ಫೋನಿಗೆ ಕಳಿಸಿದೆ. ಪಟ್ಟಿ ಮಾಡುವಾಗ ನಗು ಬಂತು. 164 ಹೆಜ್ಜೆಗೆ 164ರ ಹಾಡೂ ಆಗುತ್ತದೆ, 82ರ ಹಾಡೂ ಆಗುತ್ತದೆ, ಎರಡು ಹೆಜ್ಜೆಗೆ ಒಂದು ಬಡಿತ ಅಷ್ಟೇ. 78ರಿಂದ 86 ಒಂದು ಗುಂಪು, 156ರಿಂದ 172 ಇನ್ನೊಂದು ಗುಂಪು, ಎರಡನ್ನೂ ಸೇರಿಸಿದರೆ ಆಯಿತು. ದುಪ್ಪಟ್ಟೋ ಅರ್ಧವೋ ಅಂತ ವಾರಗಟ್ಟಲೆ ತಿದ್ದಿದ್ದು ಓಟಕ್ಕೆ ಬೇಕಾಗಿಯೇ ಇರಲಿಲ್ಲ. ನಿಮ್ಮ ಉದ್ದೇಶ ಓಟ ಒಂದೇ ಆದರೆ ಆ ಭಾಗವನ್ನು ದಾಟಿಬಿಡಿ. ನಾನು ನಡಿಗೆಗೂ ಒಂದು ಪಟ್ಟಿ ಮಾಡಿಕೊಂಡೆ, 105ರಿಂದ 118. ಮಲಗುವ ಮುಂಚೆ ಕೇಳಲು 75ಕ್ಕಿಂತ ಕೆಳಗಿನದು ಒಂದು. ನಿದ್ದೆಯ ಪಟ್ಟಿಯಲ್ಲಿ ಕುಣಿತದ ಹಾಡು ಬರಬಾರದಲ್ವಾ, ಅಲ್ಲಿ ತಿದ್ದಿದ್ದು ಉಪಯೋಗಕ್ಕೆ ಬಂತು. ಹೊಸದಾಗಿ ಸೇರುವ ಹಾಡುಗಳಿಗೆ ಬೀಟ್ಸ್‌ನ ಆಟೋಬಿಪಿಎಂ ಪ್ಲಗಿನ್ ಹಾಕಿದ್ದೇನೆ. ಬರುವಾಗಲೇ ಲೆಕ್ಕ ಹಾಕಿ ಬರೆದುಬಿಡುತ್ತದೆ.

ಮೊನ್ನೆ ಬೆಳಗ್ಗೆ ಮೊದಲ ಸಲ ಆ ಪಟ್ಟಿ ಹಾಕಿಕೊಂಡು ಓಡಿದೆ. ಒಟ್ಟು 212 ಹಾಡು. ಮೊದಲ ಎರಡಕ್ಕೆ ಹೆಜ್ಜೆ ಹಾಡಿನ ಮೇಲೇ ಬಿತ್ತು. ಮೂರನೆಯದಕ್ಕೆ ಕಾಲು ತೊಡರಿತು. ಎಷ್ಟು ಪ್ರಯತ್ನಪಟ್ಟರೂ ಕೂರಲಿಲ್ಲ. ಮನೆಗೆ ಬಂದು ಕೈಯಲ್ಲಿ ಎಣಿಸಿದೆ. 109. ಟ್ಯಾಗಿನಲ್ಲಿ 164. ಮೂರನೇ ಎರಡರ ಅದೇ ಸಭ್ಯ ಕಳ್ಳ. ಮಿಕ್ಸ್ ತೆರೆದು ತಿದ್ದಿ, ಬೀಗ ಹಾಕಿ, ಟ್ಯಾಗಿಗೆ ಬರೆಸಿದೆ. ಹಾಡು ಓಟದ ಪಟ್ಟಿಯಿಂದ ಇಳಿದು ನಡಿಗೆಯ ಪಟ್ಟಿಗೆ ತಾನಾಗಿ ಹೋಗಿ ಸೇರಿತು.